ಗುರಿ ತಪ್ಪದವನ ತಪ್ಪು

ನಮ್ಮ ಮೈಯೊಳಗೆ ದಿನವೂ ಕೊಲೆಗಳು ನಡೆಯುತ್ತವೆ. ಕೊಲ್ಲುವವು ಸಿಡಿ8 ಗುರುತಿನ ಟಿ ಕೋಶಗಳು, ಬಿಳಿ ರಕ್ತಕಣಗಳ ಒಂದು ಪಂಗಡ. ಅವು ಕೊಲ್ಲುವ ಕ್ರಮವನ್ನು ಓದಿ ತಿಳಿದಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಎಲ್ಲವನ್ನೂ ಕ್ರಮವಾಗಿ, ಎಚ್ಚರದಿಂದ ಮಾಡಿಯೂ ಅನ್ಯಾಯವಾದರೆ ಆ ಅನ್ಯಾಯ ಯಾರದು?

ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳೂ ತಮ್ಮೊಳಗೆ ತಯಾರಾದ ಪ್ರೋಟೀನುಗಳ ಚೂರುಗಳನ್ನು ಹೊರಮೈಯಲ್ಲಿ ತೋರಿಸುತ್ತಿರುತ್ತವೆ, ಅಂಗಡಿಯವನು ಅಕ್ಕಿಯ ಸ್ಯಾಂಪಲ್ ಇಟ್ಟ ಹಾಗೆ. ಟಿ ಕೋಶ ಅದನ್ನು ಮುಟ್ಟಿ ನೋಡುತ್ತದೆ. ವೈರಸ್ಸಿನ ಚೂರು ಕಂಡರೆ ಅಂಟಿಕೊಳ್ಳುತ್ತದೆ. ಆಮೇಲಿನದೇ ಬೆರಗು. ಕೋಶದ ಒಳದಾರಿಗಳೆಲ್ಲ ಕೂಡುವ ಸೆಂಟ್ರೋಸೋಮ್, ಓಡಾಡುವಾಗ ಹಿಂಬದಿಯಲ್ಲಿ ಇದ್ದದ್ದು, ಕೆಲವೇ ನಿಮಿಷಗಳಲ್ಲಿ ಅಂಟಿದ ಜಾಗಕ್ಕೇ ಬಂದು ನಿಲ್ಲುತ್ತದೆ. ಹೈದರಾಬಾದ್ ಮೆಟ್ರೋದ ಅಮೀರ್‌ಪೇಟ್ ಜಂಕ್ಷನ್ನೇ ಎದ್ದು ನಾನಿರುವ ಮಿಯಾಪುರಕ್ಕೆ ಬಂದಂತೆ. ಅದರ ಜೊತೆಗೆ ವಿಷದ ಸಣ್ಣ ಚೀಲಗಳೂ ಬಂದು ಆ ಇಕ್ಕಟ್ಟಿನ ಸಂದಿಯಲ್ಲೇ ಬಾಯಿ ಬಿಡುತ್ತವೆ. ಪರ್ಫೊರಿನ್ ತೂತು ಮಾಡುತ್ತದೆ. ಗ್ರಾಂಜೈಮ್ ಒಳಹೊಕ್ಕು, ಎದುರಿನ ಕೋಶದೊಳಗೆ ಮೊದಲೇ ಇರುವ ಸಾವಿನ ಯಂತ್ರವನ್ನು ಚಾಲೂ ಮಾಡುತ್ತದೆ. ಟಿ ಕೋಶ ಬಿಡಿಸಿಕೊಂಡು ಮುಂದೆ ಹೋಗುತ್ತದೆ.

ಈ ಬಿಡಿಸಿಕೊಳ್ಳುವುದೂ ಸಣ್ಣ ಮಾತಲ್ಲ. ಪರ್ಫೊರಿನ್ ಜೀನ್ ಕೆಟ್ಟು ಹುಟ್ಟುವ ಮಕ್ಕಳಿದ್ದಾರೆ. ಈ ನಂಟು ಪತ್ತೆಯಾದದ್ದು 1999ರಲ್ಲಿ. ಅವರಲ್ಲಿ ಕೊಲ್ಲಲಾರದ ಕೋಶ ಬಿಡಲೂ ಆರದೆ ಹಿಡಿದುಕೊಂಡೇ ಇರುತ್ತದೆ, ಉರಿಯೂತದ ಸಂಕೇತಗಳನ್ನು ಕೂಗುತ್ತಲೇ ಇರುತ್ತದೆ. ಚಿಕಿತ್ಸೆ ಸಿಗದಿದ್ದರೆ ಮಗು ಆ ಉರಿಯಲ್ಲೇ ಹೋಗುತ್ತದೆ. ಕೊಲ್ಲದಿದ್ದರೆ ಸಾಕು, ಅದೇ ಅಹಿಂಸೆ ಎನ್ನುವ ಸುಲಭದ ಉತ್ತರ ಇಲ್ಲಿ ನಡೆಯದು.

ನಮ್ಮ ಮನೆಯ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇನ್ಸುಲಿನ್ ಇದೆ. 11 ವರ್ಷದ ಮಗಳಿಗೆ ಟೈಪ್ 1 ಮಧುಮೇಹ. ಈ ಕಾಯಿಲೆಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಮುಗಿಸುವುದರಲ್ಲಿ ಮುಖ್ಯ ಕೈ ಇದೇ ಟಿ ಕೋಶಗಳದು. ಅದೇ ಕ್ರಮ: ಮುಟ್ಟಿ, ತಿರುಗಿ, ಗುರಿಯಿಟ್ಟು. ಪಕ್ಕದಲ್ಲೇ ಕೂತ ಆಲ್ಫಾ ಕೋಶಗಳು ಬಹುಪಾಲು ಉಳಿದುಬಿಡುತ್ತವೆ. ಅಷ್ಟು ಅಚ್ಚುಕಟ್ಟು!

ಊರಿಂದ ಫೋನ್ ಮಾಡುವವರಿಗೆಲ್ಲ ಆರೋಪಿ ಬೇಕು. 'ಸಿಹಿ ಜಾಸ್ತಿ ತಿನ್ನಿಸ್ತಿದ್ರಾ?' ಅಂತ ಒಬ್ಬರು. (ಸಿಹಿಗೂ ಇದಕ್ಕೂ ಸಂಬಂಧವಿಲ್ಲ.) ಪೂರ್ವಜನ್ಮದ ಕರ್ಮ ಅಂತ ಇನ್ನೊಬ್ಬರು. ನನ್ನ ಕಸುಬಿನಲ್ಲೂ ಇದೇ ಚಾಳಿ. ಪ್ರೊಡಕ್ಷನ್‌ನಲ್ಲಿ ಏನಾದರೂ ಬಿದ್ದರೆ ಐದು ಸಲ 'ಯಾಕೆ' ಕೇಳಿ ಮೂಲ ಕಾರಣ ಬರೆಯಬೇಕು. ಇಲ್ಲೂ ಕೇಳಿ ನೋಡಿದೆ. ಯಾಕೆ ಕೊಂದಿತು? ಗುರುತು ಹತ್ತಿತು. ಯಾಕೆ ಹತ್ತಿತು? ನಮ್ಮದೇ ಚೂರುಗಳಿಗೆ ಬಿಗಿಯಾಗಿ ಅಂಟುವ ಟಿ ಕೋಶಗಳನ್ನು ಥೈಮಸ್ ಗ್ರಂಥಿ ಸೋಸಿ ಸಾಯಿಸುತ್ತದೆ, ಕೆಲವು ನುಸುಳಿದವು. ಯಾಕೆ ನುಸುಳಿದವು? ಜರಡಿಯನ್ನು ಇನ್ನೂ ಸಣ್ಣ ಮಾಡಿದರೆ ವೈರಸ್ಸನ್ನು ಗುರುತಿಸಬಲ್ಲವೂ ಕಳೆದುಹೋಗುತ್ತವೆ, ಅದರ ಎಷ್ಟೋ ಚೂರುಗಳು ನಮ್ಮವನ್ನೇ ಹೋಲುವುದರಿಂದ. ಮೂರನೇ 'ಯಾಕೆ'ಗೇ ನನ್ನ ಫಾರ್ಮ್ಯಾಟ್ ಕೈಕೊಟ್ಟಿತು. ಹುಟ್ಟಿದಾಗಿನಿಂದ ಅವಳನ್ನು ಕಾದದ್ದೂ ಇದೇ ಜರಡಿ.

ಹಾಗಾದರೆ ಹೊಣೆ ಎಲ್ಲೂ ಇಲ್ಲವೇ? ಇದೆ, ಗುರಿಯನ್ನು ಯಾರಾದರೂ ತಿಳಿದು ಆರಿಸಿದ ಕಡೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19 ಚಿಕಿತ್ಸೆಗೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ರೋಗಿಯ ಟಿ ಕೋಶಗಳನ್ನೇ ಹೊರತೆಗೆದು, ಸಿಡಿ19 ಎಂಬ ಗುರುತನ್ನು ಬೇಟೆಯಾಡುವಂತೆ ತಿದ್ದಿ, ಮರಳಿ ಮೈಗೆ ಬಿಡುತ್ತಾರೆ. ಆ ಗುರುತು ಕೆಲವು ರಕ್ತಕ್ಯಾನ್ಸರುಗಳ ಕೋಶಗಳ ಮೇಲಿರುವಂತೆ ಆರೋಗ್ಯವಂತ ಬಿ ಕೋಶಗಳ ಮೇಲೂ ಇದೆ. ಅವೂ ಸಾಯುತ್ತವೆ. ಅದು ಗೊತ್ತಿದ್ದೇ ವೈದ್ಯರು ಆರಿಸುತ್ತಾರೆ, ಗೊತ್ತಿರುವುದರಿಂದಲೇ ಆಮೇಲೆ ರೋಗಿಗೆ ಸೋಂಕು ತಗಲದಂತೆ ಕಾಯುತ್ತಾರೆ. ನನಗೆ ಇದು ಸರಿಯಾದ ಹೊಣೆಯಾಗಿ ಕಾಣುತ್ತದೆ. 'ಪ್ರೋಸೆಸ್ ಫಾಲೋ ಆಗಿದೆ' ಎಂಬ ನಮ್ಮ ಆಫೀಸುಗಳ ಮಾತು ಇದರ ಮುಂದೆ ನಿಲ್ಲದು. ಅದನ್ನು ಟಿ ಕೋಶ ಬೇಕಾದರೆ ಹೇಳಲಿ, ಅದಕ್ಕೆ ಆಯ್ಕೆ ಇರಲಿಲ್ಲ.

ಹೆಂಡತಿಗೆ ಇದನ್ನೆಲ್ಲ ಮೂರು ಸಲ ವಿವರಿಸಿದ್ದೇನೆ. ಪ್ರತಿ ಸಲವೂ 'ಸರಿ' ಅಂದಳು. ಮೊನ್ನೆ ಮತ್ತೆ ಕೇಳಿದಳು, 'ರೀ, ಆರನೇ ತಿಂಗಳಲ್ಲಿ ನಂಗೆ ಜ್ವರ ಬಂದಿತ್ತಲ್ಲ, ಅದಕ್ಕಿರಬಹುದಾ?'