ದೊಡ್ಡಪ್ಪನ ಅಂಬಾಸಿಡರ್ ಮತ್ತು ಒಂದು ಹಿಡಿ ಧೂಳು

ದೊಡ್ಡಪ್ಪನ ಅಂಬಾಸಿಡರ್ 1984ರದ್ದು. ತಿಪಟೂರು ಕಡೆಯ ನಮ್ಮೂರಲ್ಲಿ ಹೆರಿಗೆಗೂ ಅದೇ ಕಾರು, ಮದುವೆ ದಿಬ್ಬಣಕ್ಕೂ ಅದೇ ಕಾರು. ದೊಡ್ಡಪ್ಪ ಹೋದ ಮೇಲೆ ಹತ್ತು ವರ್ಷ ಶೆಡ್ಡಲ್ಲಿ ಕೋಳಿಗಳಿಗೆ ಮನೆಯಾಗಿತ್ತು. ಕಳೆದ ವರ್ಷ ಬೋನಸ್ ಬಂದಾಗ ಅದನ್ನ ಬೆಂಗಳೂರಿಗೆ ತರಿಸಿ ಗ್ಯಾರೇಜಿಗೆ ಬಿಟ್ಟೆ. ವಾರವಿಡೀ ಬೇರೆ ಯಾರೋ ಬರೆದಿಟ್ಟ ಹಳೇ ಕೋಡ್ ಸರಿಮಾಡೋನಿಗೆ ಶನಿವಾರ ಕೈಗೆ ಗ್ರೀಸ್ ಹತ್ತಿದರೆ ಏನೋ ಸಮಾಧಾನ.

ಮೊದಲ ಶನಿವಾರ ಗ್ಯಾರೇಜಿನ ಹುಡುಗ ಬ್ರೇಕ್ ಡ್ರಮ್ ಬಿಚ್ಚಿ ಕಂಪ್ರೆಸರ್ ಗಾಳಿ ಹೊಡೆದ. ಅವನಿಗೆ ಹತ್ತೊಂಬತ್ತು ಇರಬಹುದು. ಬೂದು ಧೂಳು ಮೋಡದ ಹಾಗೆ ಎದ್ದು ಅವನ ಮುಖ ಮುಚ್ಚಿತು. ನೋಡೋಕೆ ಚೆನ್ನಾಗಿತ್ತು. ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕಿದೆ.

ಮೂರನೇ ಶನಿವಾರ ಕಾರ್ಬುರೇಟರ್ ಬಿಚ್ಚಿದರು. ಎಕ್ಸಾಸ್ಟ್‌ನ ಬಿಸಿ ಅದಕ್ಕೆ ತಾಗದಿರಲಿ ಅಂತ ಮಧ್ಯೆ ಒಂದು ತಗಡು. ತಗಡಿನ ಬೆನ್ನಿಗೆ ರಟ್ಟಿನಂಥ ಬೂದು ಹಾಳೆ, ಅಂಚೆಲ್ಲ ನಾರುನಾರಾಗಿ ಎದ್ದಿತ್ತು. “ಕೆರೆದು ಬಿಸಾಕೋಣ ಸಾರ್, ಹೊಸದು ಹಾಕ್ಕೊಡ್ತೀನಿ” ಅಂದರು ಮೇಸ್ತ್ರಿ. ಹುಡುಗ ವೈರ್ ಬ್ರಷ್ ಎತ್ತಿಕೊಂಡ. “ತಡಿಯೋ” ಅಂತ ನಾನು ಕೂಗಿದ್ದು ಪಕ್ಕದ ಅಂಗಡಿಗೂ ಕೇಳಿಸಿರಬೇಕು. ಹಳೇ ಕಾರು ಸರಿಮಾಡೋದರ ಬಗ್ಗೆ ಹಿಂದಿನ ರಾತ್ರಿಯಷ್ಟೇ ಓದಿಕೊಂಡಿದ್ದೆ.

ಅದು ಕಲ್ನಾರು ಇರಬಹುದು. ಅಂದರೆ ಆಸ್ಬೆಸ್ಟಾಸ್. ಆ ಕಾಲದ ಕಾರುಗಳಲ್ಲಿ ಬ್ರೇಕ್ ಲೈನರ್, ಕ್ಲಚ್ ಪ್ಲೇಟ್, ಗ್ಯಾಸ್ಕೆಟ್ ಎಲ್ಲದರಲ್ಲೂ ಅದನ್ನು ಬಳಸುತ್ತಿದ್ದರು. ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ, ಲ್ಯಾಬಿನ ಮೈಕ್ರೋಸ್ಕೋಪೇ ಬೇಕು. ಗೊತ್ತಾಗೋತನಕ ಕಲ್ನಾರು ಅಂತಲೇ ಇಟ್ಟುಕೊಳ್ಳಬೇಕು. ಕೆದಕದೆ ಬಿಟ್ಟರೆ ಅದು ಅಷ್ಟಾಗಿ ಕಾಡಲ್ಲ. ಕೆರೆದಾಗ, ಕೊರೆದಾಗ, ಗಾಳಿ ಹೊಡೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ನಾರು ಎದ್ದು ಶ್ವಾಸಕೋಶ ಸೇರುತ್ತೆ, ಅಲ್ಲೇ ಉಳಿಯುತ್ತೆ. ಕಾಯಿಲೆ ಬರೋದು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಆದಮೇಲೆ. ಕೆಲಸಗಾರರ ಬಟ್ಟೆ ಒಗೆದ ಹೆಂಡತಿಯರಿಗೂ ಕ್ಯಾನ್ಸರ್ ಬಂದದ್ದಿದೆ.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಅವನು ನಕ್ಕ. “ಇಪ್ಪತ್ತು ವರ್ಷ ಆದ್ಮೇಲೆ ತಾನೆ ಸಾರ್? ಬಿಡಿ.”

ಅವನನ್ನ ದಡ್ಡ ಅನ್ನೋ ಹಕ್ಕು ನನಗಿಲ್ಲ. ನಮ್ಮ ಹಟ್ಟಿಯ ಮೇಲಿದ್ದದ್ದೂ ಸಿಮೆಂಟ್ ಶೀಟೇ. ಅಪ್ಪ ಅದನ್ನ ಗರಗಸದಲ್ಲಿ ಕೊಯ್ಯುವಾಗ ನಾನು ಇನ್ನೊಂದು ತುದಿ ಹಿಡಿದುಕೊಳ್ತಿದ್ದೆ. ಒಡೆದ ಚೂರನ್ನ ಬೆಂಕಿಗೆ ಹಾಕಿದರೆ ಪಟಾಕಿ ಥರ ಸಿಡಿಯೋದು, ಅದೇ ನಮಗೆ ಆಟ. ನಮಗೆ ಯಾರೂ ಹೇಳಿರಲಿಲ್ಲ. ಹೇಳೋ ಅಷ್ಟು ಗೊತ್ತಿದ್ದವರು ನಮ್ಮೂರಿಗೆ ಬರುತ್ತಲೂ ಇರಲಿಲ್ಲ.

ಈಗ ನನಗೆ ಗೊತ್ತು. ಪ್ರಶ್ನೆ ಶುರುವಾಗೋದೇ ಇಲ್ಲಿ. ಐನೂರು ರೂಪಾಯಿ ಜಾಸ್ತಿ ಕೊಟ್ಟರೆ ಹುಡುಗ ಖುಷಿಯಿಂದ ಕೆರೀತಾನೆ. ಅವನು ಒಪ್ಪಿದ, ನಾನು ದುಡ್ಡು ಕೊಟ್ಟೆ, ಇದರಲ್ಲಿ ತಪ್ಪೇನು?

ತಪ್ಪು ಇದೆ ಅಂತಲೇ ನನಗನ್ನಿಸಿದ್ದು. ಬೈಕಲ್ಲಿ ಹೆಲ್ಮೆಟ್ ಇಲ್ಲದೆ ಹೋಗೋನಿಗೆ ಬೀಳೋದು ಅಂದರೇನು ಅಂತ ಗೊತ್ತು. ನೋವು, ರಕ್ತ ಎಲ್ಲ ಕಣ್ಣೆದುರಿಗೆ ಬರುತ್ತೆ. ಇಲ್ಲಿ ಹಾಗಲ್ಲ. ಐನೂರು ಇವತ್ತೇ ಜೇಬಿಗೆ, ಕೆಮ್ಮು ಇನ್ಯಾವಾಗಲೋ. ಅಷ್ಟೊತ್ತಿಗೆ ಗ್ಯಾರೇಜ್ ಇರಲ್ಲ, ನಾನು ಎಲ್ಲಿರ್ತೀನೋ, ಇದರಿಂದಲೇ ಬಂತು ಅಂತ ತೋರಿಸೋಕೆ ಚೀಟಿ ಕೂಡ ಇರಲ್ಲ. ಕಲ್ನಾರು ಕಾರ್ಖಾನೆಗಳು ಪ್ರತಿ ಕೆಲಸಗಾರನ ಆರೋಗ್ಯದ ದಾಖಲೆಯನ್ನ ಕನಿಷ್ಠ 40 ವರ್ಷ ಕಾಪಾಡಬೇಕು ಅಂತ 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಹುಡುಗನಿಗೆ ಹಾಜರಿ ಪುಸ್ತಕವೇ ಇಲ್ಲ. ಯಾರೂ ಲೆಕ್ಕ ಇಡದ ಜಾಗದಲ್ಲಿ ‘ಅವನು ಒಪ್ಪಿದ’ ಅನ್ನೋದು ನನಗೆ ಅನುಕೂಲದ ಮಾತು, ಅಷ್ಟೆ.

ಇನ್ನೊಂದು ವಿಷಯ. ಅಂಬಾಸಿಡರ್ ನನಗೆ ಹವ್ಯಾಸ, ಅವನಿಗೆ ಹೊಟ್ಟೆಪಾಡು. ನನ್ನ ಬಾಲ್ಯದ ನೆನಪಿಗೆ ಪಾಲಿಶ್ ಹೊಡೆಸೋಕೆ ಅವನ ಉಸಿರು ಯಾಕೆ ಖರ್ಚಾಗಬೇಕು?

ಕೊನೆಗೆ ನಾನೇ ತೆಗೆದೆ. ಹಾಳೆ ಆಗಲೇ ಹರಿದಿದ್ದರಿಂದ ಹಾಗೇ ಬಿಡೋ ಹಾಗಿರಲಿಲ್ಲ. ಭಾನುವಾರ, ಎಲ್ಲರೂ ಹೋದಮೇಲೆ, ಬಯಲಲ್ಲಿ. ಬಟ್ಟೆಯ ಮಾಸ್ಕ್ ಸಾಲದು, ಪಿ100 ಫಿಲ್ಟರ್ ಇರೋದು ತಂದೆ. ಒಮ್ಮೆ ಹಾಕಿ ಬಿಸಾಡುವ ಮೇಲಂಗಿ, ಗ್ಲೌಸ್. ಪಾತ್ರೆ ಸೋಪು ಕಲಸಿದ ನೀರನ್ನ ಚಿಮುಕಿಸಿ ಹಾಳೆಯನ್ನ ಪೂರ್ತಿ ನೆನೆಸಿದೆ. ಹಾಳೆಯನ್ನ ತಗಡಿಂದ ಬಿಡಿಸೋಕೆ ಹೋಗಲಿಲ್ಲ, ಬೋಲ್ಟ್ ಬಿಚ್ಚಿ ತಗಡಿನ ಸಮೇತ ಇಳಿಸಿದೆ. ಸುತ್ತ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ, ಮೇಲಂಗಿ, ಗ್ಲೌಸ್ ಎಲ್ಲ ಸೇರಿಸಿ ಎರಡೆರಡು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದೆ. ಹೊಸ ತಗಡಿಗೆ ಅಲ್ಯೂಮಿನಿಯಂ ಹಾಳೆ ಹೊದಿಸಿದ ಗ್ಲಾಸ್ ಫೈಬರ್ ಹಾಕಿಸಿದೆ. ಸೆರಾಮಿಕ್ ಫೈಬರ್ ಬಿಸಿ ಇನ್ನೂ ಚೆನ್ನಾಗಿ ತಡೆಯುತ್ತೆ, ಆದರೆ ಅದರ ಧೂಳಿನ ಮೇಲೂ ಕ್ಯಾನ್ಸರಿನ ಅನುಮಾನ ಇದೆ. ಒಂದು ತಪ್ಪು ಸರಿಮಾಡೋಕೆ ಹೋಗಿ ಮುಂದಿನ ಮೆಕ್ಯಾನಿಕ್‌ಗೆ ಇನ್ನೊಂದು ತಪ್ಪು ಬಿಟ್ಟುಹೋಗೋದು ಬೇಡ ಅನ್ನಿಸಿತು.

ಆಮೇಲೆ ಆ ಚೀಲ. ಬೆಳಗ್ಗೆ ಕಸದ ಆಟೋಗೆ ಹಾಕಿದ್ದರೆ ಕತೆ ಮುಗೀತಿತ್ತು. ಆದರೆ ಕಸ ಬೇರ್ಪಡಿಸೋ ಅಮ್ಮ ಬರಿಗೈಯಲ್ಲಿ ಚೀಲ ಬಿಚ್ಚುತ್ತಾರೆ. ಹುಡುಗನ ಉಸಿರು ಉಳಿಸಿ ಆ ಅಮ್ಮನ ಕೈಗೆ ಕೊಟ್ಟರೆ ನಾನು ಮಾಡಿದ್ದಾದರೂ ಏನು? ಅಪಾಯಕಾರಿ ತ್ಯಾಜ್ಯದ ನಿಯಮಗಳೇನೋ ಇವೆ, ಬರೆದಿರೋದು ಕಾರ್ಖಾನೆಗಳನ್ನ ನೋಡಿಕೊಂಡು. ಒಂದು ಚೀಲ ಹಿಡಿದು ಹೋದವನನ್ನ ಒಂದು ಕಚೇರಿಯಿಂದ ಇನ್ನೊಂದಕ್ಕೆ ಕಳಿಸಿದರು. ಸದ್ಯಕ್ಕೆ ಅದು ನಮ್ಮ ಬಾಲ್ಕನಿಯ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಮೇಲೆ ದೊಡ್ಡ ಅಕ್ಷರದಲ್ಲಿ ‘ಕಲ್ನಾರು, ಬಿಚ್ಚಬೇಡಿ’ ಅಂತ ಬರೆದಿದ್ದೀನಿ. “ಇದು ಯಾವಾಗ ಹೋಗುತ್ತೆ?” ಅಂತ ಹೆಂಡತಿ ವಾರಕ್ಕೊಮ್ಮೆ ಕೇಳ್ತಾಳೆ. ಕೇಳಲೇಬೇಕಾದ ಪ್ರಶ್ನೆ.

ಕಂಪ್ರೆಸರ್ ವಿಡಿಯೋ ಇನ್ನೂ ಫೋನಲ್ಲಿದೆ. ಡಿಲೀಟ್ ಮಾಡಲಿಲ್ಲ. ಹುಡುಗನಿಗೆ ತೋರಿಸಿ, “ಆವತ್ತು ನನಗೂ ಗೊತ್ತಿರಲಿಲ್ಲ ಕಣೋ, ತಪ್ಪಾಯ್ತು” ಅಂದೆ. ಈ ಸಲ ಅವನು ನಗಲಿಲ್ಲ. ಸ್ವಲ್ಪ ಹೊತ್ತು ನೋಡಿ ಕೇಳಿದ: “ಸಾರ್, ದಿನಕ್ಕೆ ಮೂರು ಗಾಡಿ ಡ್ರಮ್ಮಿಗೆ ಗಾಳಿ ಹೊಡೀತೀನಿ. ಆ ಮಾಸ್ಕ್ ಎಲ್ಲಿ ಸಿಗುತ್ತೆ?”