ನಚಿಕೇತನ ಮೊದಲನೆಯ ವರ

ಪದವಿ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದ ತರುಣನ ಕೈಗೆ ಒಂದೇ ವಾರದಲ್ಲಿ ಎರಡು ಕಾಗದಗಳು ಬಂದು ಸೇರುವುದುಂಟು: ಒಂದರಲ್ಲಿ ತಿಂಗಳ ಸಂಬಳವನ್ನೂ ಕೆಲಸಕ್ಕೆ ಹಾಜರಾಗಬೇಕಾದ ದಿನವನ್ನೂ ಕಾಣಿಸಿರುತ್ತಾರೆ; ಇನ್ನೊಂದರಲ್ಲಿ ಸ್ನಾತಕೋತ್ತರ ತರಗತಿಗೆ ಪ್ರವೇಶ ದೊರೆತುದನ್ನೂ ಶುಲ್ಕ ಕಟ್ಟಲು ಕಡೆಯ ದಿನವನ್ನೂ. ಆಗ ಹಿತೈಷಿಗಳಲ್ಲಿ ಯಾರಾದರೊಬ್ಬರು ಕಠೋಪನಿಷತ್ತನ್ನು ಮುಂದಿಟ್ಟು, ಸಂಬಳವು ಪ್ರೇಯಸ್ಸು, ಎಂದರೆ ಬರಿಯ ಪ್ರಿಯವಾದುದು, ವಿದ್ಯೆಯು ಶ್ರೇಯಸ್ಸು, ಎಂದರೆ ನಿಜವಾದ ಹಿತ, ಧೀರನಾದವನು ಆರಿಸಿಕೊಳ್ಳತಕ್ಕದ್ದು ಎರಡನೆಯದನ್ನೇ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಕಿವಿಗೆ ಇಂಪಾದ ಈ ತೀರ್ಪು ಆ ಉಪನಿಷತ್ತಿನಲ್ಲಿ ಬರುವ ನಚಿಕೇತನ ಕಥೆಯ ಆರಂಭವನ್ನು ಬಿಟ್ಟು ಓದಿದುದರ ಫಲವೆಂದು ನನ್ನ ಅಭಿಪ್ರಾಯ.

ಯಮನು ಒಡ್ಡಿದ ಆನೆ, ಕುದುರೆ, ಹೊನ್ನು, ದೀರ್ಘಾಯುಷ್ಯಗಳನ್ನು ನಚಿಕೇತನು ನಿರಾಕರಿಸಿದ್ದು, ಅವನಿಂದ ಪಡೆದ ಮೂರು ವರಗಳಲ್ಲಿ ಕಡೆಯದರ ಪ್ರಸಂಗದಲ್ಲಿ. ಮೊದಲನೆಯ ವರದಿಂದ ಆ ಬಾಲಕನು ಬೇಡಿದ್ದು, ಮುನಿದು ತನ್ನನ್ನು ಮೃತ್ಯುವಿಗೆ ಕೊಟ್ಟ ತಂದೆಯ ಮನಸ್ಸು ಶಾಂತವಾಗಲಿ, ಮರಳಿ ಬಂದ ಮಗನನ್ನು ಆತನು ಗುರುತಿಸಿ ಆದರಿಸಲಿ ಎಂಬುದನ್ನು. ತಂದೆಯ ನೆಮ್ಮದಿಯನ್ನು ಭದ್ರಪಡಿಸಿಕೊಂಡ ಮೇಲೆಯೇ ಆತ್ಮತತ್ತ್ವದ ಪ್ರಶ್ನೆಯು ಅವನ ಬಾಯಿಂದ ಹೊರಟಿತು. ಆದುದರಿಂದ, ಮಗನ ಓದಿಗೆಂದು ಹೊಲವನ್ನು ಅಡವಿಟ್ಟು, ಈಗ ಮಗಳ ಶಾಲೆಯ ಫೀಜಿಗೆ ತಡಕಾಡುತ್ತಿರುವ ತಂದೆಯುಳ್ಳ ತರುಣನಿಗೆ ಸಂಬಳದ ಕಾಗದವೇ ಶ್ರೇಯಸ್ಸು. ದುಡಿಮೆಯ ಹೊಣೆಗೆ ಹೆದರಿಯೋ, ಹೆಸರಿನ ಮುಂದೆ ಇನ್ನೆರಡು ಅಕ್ಷರಗಳು ಸೇರಲೆಂಬ ಆಸೆಯಿಂದಲೋ ವಿಶ್ವವಿದ್ಯಾನಿಲಯವನ್ನು ಹೊಗುವವನ ಪಾಲಿಗೆ ಪ್ರೇಯಸ್ಸೇ ವಿದ್ಯೆಯ ವೇಷ ತೊಟ್ಟು ಬಂದಿದೆ. ಮನೆಯ ಹೊರೆಯಿಲ್ಲದೆ, ಜಿಜ್ಞಾಸೆಯು ನಿಜವಾಗಿದ್ದು, ಬರಿಯ ಹಣದ ಮೋಹದಿಂದ ಓದನ್ನು ಬಿಡುವವನ ವಿಷಯದಲ್ಲಿ ಮಾತ್ರ ಹಿತೈಷಿಯ ಮಾತು ಸರಿ.

ವೃತ್ತಿಯನ್ನು ಹಿಡಿದವನಿಗೆ ವಿದ್ಯೆಯ ಬಾಗಿಲು ಮುಚ್ಚಿತೆಂಬ ಭಯವೂ ನಿರಾಧಾರವಾದುದು. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಸ್ವಾಧ್ಯಾಯವನ್ನು ಬಿಡಬೇಡವೆಂದು ಆಚಾರ್ಯನು ವಿಧಿಸುವುದು, ಅಧ್ಯಯನ ಮುಗಿಸಿ ಸಂಸಾರಕ್ಕೆ ಹೊರಟು ನಿಂತ ಶಿಷ್ಯನಿಗೆ. ನಮ್ಮ ಕಾಲಕ್ಕೆ ಹತ್ತಿರದ ನಿದರ್ಶನವೂ ಉಂಟು: ವಿಜ್ಞಾನಿ ಸಿ. ವಿ. ರಾಮನ್ನರು 1907ರಲ್ಲಿ ಎಂ.ಎ. ಮುಗಿಸಿ ಸರ್ಕಾರದ ಹಣಕಾಸು ಇಲಾಖೆಯನ್ನು ಸೇರಿದರು. ಕಲ್ಕತ್ತೆಯಲ್ಲಿ ಹಗಲೆಲ್ಲ ಲೆಕ್ಕಪತ್ರಗಳನ್ನು ನೋಡಿ, ಕಚೇರಿಯ ವೇಳೆ ಕಳೆದ ಮೇಲೆ ವಿಜ್ಞಾನ ಸಂಘವೊಂದರ ಪ್ರಯೋಗಶಾಲೆಯಲ್ಲಿ ದುಡಿದರು. 1917ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕ ಪೀಠವು ಒದಗಿದಾಗ, ಸಂಬಳ ಕಡಮೆಯಾದರೂ ಅಧಿಕಾರವನ್ನು ತ್ಯಜಿಸಿ ಅದನ್ನು ಒಪ್ಪಿಕೊಂಡರು.

ತರುಣನು ತನ್ನ ಮೇಲಿರುವ ಋಣವೇನೆಂಬುದನ್ನು ಮೊದಲು ವಿಚಾರಿಸಿಕೊಳ್ಳಲಿ. ಋಣವಿದ್ದರೆ ದುಡಿಯಲಿ; ಋಣವಿಲ್ಲದೆ ಜಿಜ್ಞಾಸೆಯಿದ್ದರೆ ಓದಲಿ; ಯಾವುದನ್ನು ಹಿಡಿದರೂ ಸ್ವಾಧ್ಯಾಯವನ್ನು ಬಿಡದಿರಲಿ.