ಚಂಡಿ ಬೈರಾಸಿನ ಲೆಕ್ಕ

ಆಟಿ ತಿಂಗಳಲ್ಲಿ ಆಲಂಕಾರಿನ ಕಡೆ ಯಾರ ಮನೆಗೆ ಹೋದರೂ ಮೊದಲು ತಲೆಗೆ ತಾಗುವುದು ಬಳ್ಳಿಯ ಮೇಲಿನ ಚಂಡಿ ಬಟ್ಟೆ. ಜಗಲಿಯಲ್ಲೊಂದು ಬಳ್ಳಿ, ಚಾವಡಿಯಲ್ಲೊಂದು, ಸಾಲದ್ದಕ್ಕೆ ಕುರ್ಚಿಯ ಬೆನ್ನಿಗೂ ಒಂದು ಅಂಗಿ. ಮೂರು ದಿನವಾದರೂ ಒಣಗದ ಬೈರಾಸಿಗೆ ಮುಗ್ಗಲು ವಾಸನೆ ಹಿಡಿದಿರುತ್ತದೆ.

ಮೊನ್ನೆ ಲಂಡನ್ನಿನಿಂದ ಬಂದ ತಂಗಿಯ ಮಗ ಇದಕ್ಕೊಂದು ಉಪಾಯ ಹೇಳಿದ. ಅಲ್ಲಿ ಬಚ್ಚಲಿನ ಗೋಡೆಗೆ ಏಣಿಯಂಥ ಸರಳುಗಳಿರುತ್ತವಂತೆ. ಕರೆಂಟಿನಿಂದ ಬೆಚ್ಚಗಾಗುತ್ತವೆ, ಮೇಲೆ ಹಾಕಿದ ಟವೆಲ್ ಒಣಗುತ್ತದೆ. “12 ವೋಲ್ಟಿನದ್ದೂ ಸಿಗ್ತದೆ ಮಾವ. ಲೋ ವೋಲ್ಟೇಜ್, ಕರೆಂಟು ಉಳೀತದೆ” ಅಂದ. ಹರಟೆಗೆ ಬಂದಿದ್ದ ಪಕ್ಕದ ಮನೆಯವರು ಬಿಡಬೇಕಲ್ಲ! “ಲೋ ವೋಲ್ಟೇಜಿಗೆ ಲಂಡನ್ನಿಗೆ ಯಾಕೆ ಹೋಗ್ಬೇಕು ಮಾರಾಯ? ಸಂಜೆ ಏಳಕ್ಕೆ ನಮ್ಮ ಬಲ್ಬು ನೋಡು.”

ಎರಡೂ ಲೋ ವೋಲ್ಟೇಜೇ, ಆದರೆ ಜಾತಿ ಬೇರೆ. 12 ವೋಲ್ಟ್ ಇರುವುದು ಒದ್ದೆ ಕೈಗೆ ಶಾಕ್ ಹೊಡೆಯದಿರಲಿ ಎಂದು. ಉಳಿತಾಯಕ್ಕೂ ಅದಕ್ಕೂ ಸಂಬಂಧವಿಲ್ಲ. 60 ವ್ಯಾಟ್ ಎಂದರೆ 60 ವ್ಯಾಟೇ. 230 ವೋಲ್ಟಿನಲ್ಲಿ ಕಾಲು ಆಂಪಿಯರಿನಷ್ಟು ಹರಿದರೆ ಸಾಕು, 12ರಲ್ಲಾದರೆ 5 ಆಂಪಿಯರ್ ಬೇಕು. ವಯರು ದಪ್ಪವಾಗಬೇಕು, ನಡುವಿನ ಟ್ರಾನ್ಸ್‌ಫಾರ್ಮರ್ ತಾನೂ ಬಿಸಿಯಾಗಿ ತನ್ನ ಪಾಲು ತಿನ್ನುತ್ತದೆ. ಇನ್ನು ನಮ್ಮ ಸಂಜೆಯ ಲೋ ವೋಲ್ಟೇಜು: 230ಕ್ಕೆಂದು ಮಾಡಿದ 60 ವ್ಯಾಟಿನ ಸರಳಿಗೆ 160 ವೋಲ್ಟ್ ಬಂದರೆ 29 ವ್ಯಾಟಿನ ಶಾಖ ಅಷ್ಟೇ. ಮೀಟರೂ ನಿಧಾನ, ಟವೆಲೂ ನಿಧಾನ.

ನಿಜವಾದ ಖರ್ಚು ಇರುವುದು ನೀರಿನಲ್ಲಿ. ಅರ್ಧ ಲೀಟರ್ ನೀರನ್ನು ಆವಿ ಮಾಡಲು ಯೂನಿಟ್ಟಿನ ಮೂರನೇ ಒಂದಂಶ ಬೇಕು, ಯಾವ ಕಂಪೆನಿಯ ಸರಳಾದರೂ ಇದರಲ್ಲಿ ರಿಯಾಯಿತಿ ಇಲ್ಲ. ದಪ್ಪ ಟರ್ಕಿ ಟವೆಲ್ ನೆನೆದರೆ ಅಷ್ಟು ನೀರು ಹಿಡಿದೀತು. ನಮ್ಮ ತೆಳು ಬೈರಾಸನ್ನು ಗಟ್ಟಿಯಾಗಿ ಹಿಂಡಿದರೆ ಉಳಿಯುವುದು ಅದರ ಒಂದು ಪಾಲು ಮಾತ್ರ. ಹಿಂಡುವ ಕೈಗೆ ಯೂನಿಟ್ ಲೆಕ್ಕ ಇಲ್ಲ. ಸರಳನ್ನು ಹಗಲೂ ರಾತ್ರಿ ಹಾಕಿಟ್ಟರೆ ತಿಂಗಳಿಗೆ 43 ಯೂನಿಟ್. ಗೃಹಜ್ಯೋತಿಯ ಗರಿಷ್ಠ ಮಿತಿ 200 ಎಂಬುದು ನೆನಪಿರಲಿ. ದಿನಕ್ಕೆ ಮೂರು ಗಂಟೆ ಸಾಕೆಂದು ಟೈಮರ್ ಇಟ್ಟರೆ ಐದೂವರೆಗೆ ಇಳಿಯುತ್ತದೆ.

ಟವೆಲ್ ಬಿಟ್ಟ ಆವಿ ಎಲ್ಲಿಗೆ ಹೋಗಬೇಕು ಎಂಬುದನ್ನು ಯಾರೂ ಕೇಳುವುದಿಲ್ಲ. ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಅದು ಟೈಲ್ಸಿನ ಮೇಲೆ ಹನಿಯಾಗಿ ಕೂರುತ್ತದೆ. ಶೇ. 95 ತೇವವಿರುವ 25 ಡಿಗ್ರಿಯ ಗಾಳಿಯನ್ನು 30ಕ್ಕೆ ಬೆಚ್ಚಗಾಗಿಸಿದರೆ ತೇವ ಶೇ. 71ರ ಹತ್ತಿರಕ್ಕೆ ಇಳಿದು, ಬಟ್ಟೆಯ ನೀರನ್ನು ಕುಡಿಯುವ ಶಕ್ತಿ ಗಾಳಿಗೆ ಬರುತ್ತದೆ. ಆದರೆ ಕುಡಿದ ಗಾಳಿ ಹೊರಗೆ ಹೋಗಲೂ ಬೇಕಲ್ಲ.

ನಮ್ಮ ಬಚ್ಚಲು ಒಲೆಯ ಮೇಲೆ ಅಡ್ಡಕ್ಕೆ ಕಟ್ಟಿದ ಬಿದಿರು ಗಳ ಈ ಕೆಲಸವನ್ನೇ ಮಾಡುತ್ತದೆ. ಕೆಳಗೆ ಹಂಡೆ, ಒಲೆಗೆ ಕೊತ್ತಳಿಗೆ, ಗೆರಟೆ. ಮೀಯುವ ನೀರು ಕಾದು ಮಿಕ್ಕ ಬಿಸಿಯಲ್ಲಿ ಬಟ್ಟೆ ಒಣಗುತ್ತದೆ, ಆವಿ ಹೊಗೆಯ ಜತೆ ಹಂಚಿನ ಸಂದಿಯಿಂದ ಹೊರಗೆ. ಹಾಗೆಂದು ಒಲೆಯನ್ನು ಹೊಗಳಲಾರೆ. ಬೆಂಕಿಯ ಬಹುಪಾಲು ಬಿಸಿ ಯಾರಿಗೂ ದಕ್ಕದೆ ಹೋಗುತ್ತದೆ, ಊದಿದವರ ಕಣ್ಣೂ ಉರಿಯುತ್ತದೆ. ತೋಟದ ಕೊತ್ತಳಿಗೆಗೆ ಬಿಲ್ಲು ಬಾರದ್ದರಿಂದ ನಾವು ಲೆಕ್ಕ ಇಡುವುದಿಲ್ಲ, ಅಷ್ಟೇ. ಲಂಡನ್ನಿನಲ್ಲೂ ಎಷ್ಟೋ ಮನೆಗಳ ಟವೆಲ್ ಸರಳಿನೊಳಗೆ ಹರಿಯುವುದು ಮನೆ ಬೆಚ್ಚಗಿಡುವ ಬಿಸಿನೀರೇ. ನಮ್ಮ ಹಂಡೆಗೆ ದೂರದ ನೆಂಟ.

ಮರುದಿನ ಬೆಳಿಗ್ಗೆ ಗಳದಿಂದ ತೆಗೆದ ಬೈರಾಸನ್ನು ಅಳಿಯ ಮೂಗಿಗೆ ಹಿಡಿದ. “ಹೊಗೆ ವಾಸನೆ ಮಾವ.”

“ಹೊಗೆ ವಾಸನೆ ಬೇಕಾ, ಮುಗ್ಗಲು ವಾಸನೆ ಬೇಕಾ, ಹೇಳು” ಅಂತ ಅವನ ಅತ್ತೆ ಒಳಗಿನಿಂದ ಕೇಳಿದಳು. ಅವನು ಬೈರಾಸನ್ನು ಹೆಗಲಿಗೆ ಹಾಕಿ ಮೀಯಲು ಹೋದ.